ಗಂಡು ಮಾಗೂರನ್ನು ಕೊಲ್ಲದೆ ವೀರ್ಯ ತೆಗೆಯುವುದು ಹೇಗೆ?

ಮೃಗಶಿರಾ ಮಳೆ ಹಿಡಿಯಿತೆಂದರೆ ಮಾಗೂರು ಎಂಬ ಬೆಕ್ಕುಮೀನು ಸಾಕುವವರಿಂದ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರತೊಡಗುತ್ತದೆ. ಚನ್ನಗಿರಿಯ ಅಡಿಕೆ ತೋಟದಲ್ಲಿ ಕೃಷಿಹೊಂಡ ತೋಡಿಸಿದವರು ಕೇಳುತ್ತಾರೆ, ಹಿರಿಯೂರಿನ ಬೋರ್‌ವೆಲ್ ನೀರಲ್ಲಿ ಟಾರ್ಪಾಲಿನ್ ತೊಟ್ಟಿ ಇಟ್ಟುಕೊಂಡವರೂ ಕೇಳುತ್ತಾರೆ: "ಮರಿ ಮಾಡ್ಸೋಕೆ ಪ್ರತಿ ಸಲಾನೂ ಗಂಡನ್ನ ಕೊಯ್ಲೇಬೇಕೇನ್ರೀ ಅಣ್ಣಾರೆ?"

ಕೊಲ್ಲಲೇಬೇಕೆಂದಿಲ್ಲ. ಹೊಟ್ಟೆ ಸ್ವಲ್ಪ ಸೀಳಿ, ವೃಷಣದ ಒಂದು ತುಂಡನ್ನಷ್ಟೇ ಕತ್ತರಿಸಿಕೊಂಡು, ಹೊಲಿಗೆ ಹಾಕಿ ಗಂಡನ್ನು ಬದುಕಿಸಿಕೊಳ್ಳಬಹುದು. ಉಳಿದ ಭಾಗ ಮತ್ತೆ ಬೆಳೆಯುತ್ತದೆ. ಆದರೆ ಇದು ಎಲ್ಲರಿಗೂ, ಎಲ್ಲ ಮೀನಿಗೂ ಹೇಳಿದ ಕೆಲಸವಲ್ಲ. ಯಾವಾಗ ಮಾಡಬೇಕು, ಯಾವಾಗ ಬೇಡ ಅನ್ನುವುದನ್ನು ಮೊದಲು ಹೇಳಿ ಆಮೇಲೆ ಬ್ಲೇಡಿಗೆ ಬರುತ್ತೇನೆ.

ಮೊದಲು ಮೀನು ಯಾವುದು ನೋಡಿ

ಈ ವಿಧಾನದ ಬಗ್ಗೆ ಹೊರದೇಶಗಳಲ್ಲಿ ನಡೆದ ಕೆಲಸದಲ್ಲಿ ಹೆಚ್ಚಿನದು ಆಫ್ರಿಕನ್ ಕ್ಯಾಟ್‌ಫಿಶ್ ಮೇಲೆ. ನಮ್ಮಲ್ಲಿ 'ಥಾಯ್ ಮಾಗೂರ್' ಅಂತ ಕದ್ದುಮುಚ್ಚಿ ಮಾರುವುದೂ ಅದನ್ನೇ. ಆ ಮೀನಿನ ಸಾಕಣೆ, ಮರಿ ಉತ್ಪಾದನೆ, ಮಾರಾಟ ಎಲ್ಲಕ್ಕೂ ಭಾರತದಲ್ಲಿ ಎರಡು ದಶಕಗಳಿಗೂ ಹಿಂದಿನಿಂದ ನಿಷೇಧವಿದೆ. ಸಿಕ್ಕಿದ್ದನ್ನೆಲ್ಲ ತಿಂದು ಕೆರೆಯ ನಾಡಮೀನನ್ನು ಮುಗಿಸಿಬಿಡುತ್ತದೆ. ಒಂದು ಮಳೆಗೆ ಹೊಂಡ ತುಂಬಿ ಹರಿದು ನಾಲ್ಕು ಮೀನು ಸೂಳೆಕೆರೆ ಸೇರಿದವು ಅಂದುಕೊಳ್ಳಿ, ಅವನ್ನು ವಾಪಸ್ ಹಿಡಿದು ತರುವವರು ಯಾರು? ಹಾಗಾಗಿ ಆ ಮೀನಿನ ಬಗ್ಗೆ ಕೇಳಿದರೆ ನನ್ನಿಂದ ಉತ್ತರವಿಲ್ಲ.

ಇಲ್ಲಿ ಹೇಳುವುದೆಲ್ಲ ನಾಟಿ ಮಾಗೂರಿಗೆ. ನಮ್ಮ ಕಡೆ ಮುರುಗೋಡು ಅನ್ನುವ ಬೆಕ್ಕುಮೀನಿನ ಜಾತಿಯದೇ. ಬೆಳೆದ ತಳಿಮೀನು ಸಾಮಾನ್ಯವಾಗಿ 100ರಿಂದ 200 ಗ್ರಾಂ ತೂಗುತ್ತದೆ. 'ನಾಟಿ' ಎಂದು ಯಾರಾದರೂ ಒಂದೂವರೆ ಕಿಲೋದ ಗಂಡನ್ನು ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ತಳಿಮೀನು ಕೊಳ್ಳುವ ಮುಂಚೆ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು.

ಗಂಡನ್ನು ಯಾಕೆ ಕೊಯ್ಯುತ್ತಾರೆ?

ಕಾಟ್ಲಾ, ರೋಹುವಿನ ಗಂಡಿನ ಹೊಟ್ಟೆ ಒತ್ತಿದರೆ ಹಾಲಿನಂತೆ ವೀರ್ಯ ಬರುತ್ತದೆ. ಮಾಗೂರಿನಲ್ಲಿ ಬರುವುದಿಲ್ಲ. ಅದರ ಎರಡು ವೃಷಣಗಳು ಹೊಟ್ಟೆಯೊಳಗೆ ಮೇಲ್ಭಾಗದಲ್ಲಿ, ಬೆನ್ನಿನ ಕಡೆಗೆ ಅಂಟಿಕೊಂಡು ಉದ್ದಕ್ಕೆ ಮಲಗಿರುತ್ತವೆ. ಹಿಂದುಗಡೆ ಬೆರಳುಗಳಂತೆ ಕವಲೊಡೆದ ವೀರ್ಯಕೋಶಗಳಿವೆ (ವೀರ್ಯದ ಜೊತೆ ಸೇರುವ ದ್ರವ ತಯಾರಾಗುವ ಚೀಲಗಳು). ಹೊರಗಿನಿಂದ ಎಷ್ಟು ಒತ್ತಿದರೂ ಒಂದೆರಡು ಹನಿ ತೆಳು ನೀರು ಬಂದೀತು, ಅಷ್ಟೆ. ಜೋರಾಗಿ ಒತ್ತಿದರೆ ಒಳಗೆ ರಕ್ತ ಸೋರಿ ಮೀನು ಸಾಯುತ್ತದೆ. ಅದಕ್ಕೇ ಹ್ಯಾಚರಿಗಳಲ್ಲಿ ಗಂಡನ್ನು ಕೊಂದು, ವೃಷಣ ತೆಗೆದು, ಉಪ್ಪುನೀರಲ್ಲಿ ಜಜ್ಜಿ ಮೊಟ್ಟೆಗೆ ಬೆರೆಸುವುದು ರೂಢಿ.

ಬ್ಲೇಡಿಗಿಂತ ಮುಂಚೆ ಲೆಕ್ಕ

ನಾಟಿ ಮಾಗೂರಿನ ವೃಷಣ ತೀರಾ ಸಣ್ಣದು. 150 ಗ್ರಾಮಿನ ಗಂಡಿನಲ್ಲಿ ಎರಡೂ ಸೇರಿ ಒಂದು ಗ್ರಾಂ ಸಿಕ್ಕರೆ ದೊಡ್ಡದು. ಅದರ ಒಂದು ಭಾಗಕ್ಕಾಗಿ ಮೀನಿಗೆ ಮತ್ತು ಬರಿಸಿ, ಹೊಲಿದು, ಮೂರು ವಾರ ಆರೈಕೆ ಮಾಡುವುದು ಮಾಮೂಲಿ ಗಂಡಿಗೆ ದಂಡ. ವೇಗವಾಗಿ ಬೆಳೆದದ್ದಕ್ಕೋ ರೋಗ ತಡೆದದ್ದಕ್ಕೋ ನೀವೇ ಆರಿಸಿ ಇಟ್ಟುಕೊಂಡ, 200 ಗ್ರಾಮಿಗೂ ಮೇಲ್ಪಟ್ಟ, ಕಳೆದುಕೊಂಡರೆ ಮತ್ತೆ ಸಿಗದ ಗಂಡಿಗೆ ಮಾತ್ರ ಇದು.

ಇನ್ನೊಂದು ಮಾತು. ಗಂಡು ವ್ಯರ್ಥವಾಗುವುದು ಹೆಚ್ಚಾಗಿ ಅದನ್ನು ಕೊಂದದ್ದರಿಂದಲ್ಲ, ಕೊಂದ ಮೇಲೆ ವೀರ್ಯವನ್ನು ದಂಡ ಮಾಡಿದ್ದರಿಂದ. ವೃಷಣವನ್ನು ನಲ್ಲಿ ನೀರಲ್ಲಿ ತೊಳೆದು ಕೆಡಿಸುತ್ತಾರೆ, ಹೆಣ್ಣು ಮೊಟ್ಟೆ ಬಿಡುವ ಎರಡು ತಾಸು ಮುಂಚೆಯೇ ಜಜ್ಜಿ ಬಿಸಿಲಲ್ಲಿ ಇಡುತ್ತಾರೆ. ಶೇ 0.9ರ ಉಪ್ಪುದ್ರಾವಣದಲ್ಲಿ (ಮೆಡಿಕಲ್ ಸ್ಟೋರಿನ ನಾರ್ಮಲ್ ಸಲೈನ್ ಬಾಟಲಿ) ವೀರ್ಯಾಣು ನಿದ್ದೆಯಲ್ಲಿದ್ದಂತೆ ಇರುತ್ತದೆ. ಫ್ರಿಜ್ಜಿನ ತಂಪಲ್ಲಿ ಒಂದು ದಿನದವರೆಗೂ ಕೆಲಸಕ್ಕೆ ಬರುತ್ತದೆ. ಸಿಹಿನೀರು ತಾಗಿತೋ ಎಚ್ಚರಗೊಂಡು ಈಜಲು ಶುರು ಮಾಡಿ ಒಂದು ನಿಮಿಷದ ಆಸುಪಾಸಿನಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಇದೊಂದನ್ನು ಸರಿಯಾಗಿ ಪಾಲಿಸಿದರೆ ಆಪರೇಷನ್ ಇಲ್ಲದೆಯೇ ನಿಮ್ಮ ಗಂಡುಗಳ ಖರ್ಚು ಇಳಿಯುತ್ತದೆ. ಅದಾದಮೇಲೂ ಬೇಕೆನಿಸಿದರೆ ಮುಂದೆ ಓದಿ.

ಬೇಕಾಗುವ ಸಾಮಾನು

ಹೊಸ ಸರ್ಜಿಕಲ್ ಬ್ಲೇಡ್ ಮತ್ತು ಹಿಡಿ, ತುದಿ ಚೂಪಿಲ್ಲದ ಸಣ್ಣ ಕತ್ತರಿ, ಎರಡು ಚಿಮಟ, ರಕ್ತನಾಳ ಹಿಡಿಯುವ ಕ್ಲ್ಯಾಂಪ್, ಸೂಜಿ ಹಿಡಿಯುವ ಇಕ್ಕಳ. ಹೊಲಿಗೆಗೆ 4-0 ದಪ್ಪದ, ತಾನಾಗಿ ಕರಗುವ, ಒಂದೇ ಎಳೆಯ ದಾರ. ಸೂಜಿ ಅಂಚು ಹರಿತವಿರುವ 'ಕಟಿಂಗ್' ಬಗೆಯದೇ ಇರಲಿ. ಮಾಗೂರಿಗೆ ಹುರುಪೆ ಇಲ್ಲದಿದ್ದರೂ ಚರ್ಮ ಗಟ್ಟಿ, ದುಂಡು ಸೂಜಿ ಬಾಗಿಬಿಡುತ್ತದೆ. ರೇಷ್ಮೆ ದಾರ, ಹೆಣೆದ ದಾರ ಬೇಡ, ಎಳೆಗಳ ನಡುವೆ ಹೊಂಡದ ನೀರು ಹೀರಿಕೊಂಡು ಗಾಯ ಕೀವಾಗುತ್ತದೆ.

ಇದರ ಜೊತೆ ಪೊವಿಡೋನ್ ಅಯೋಡಿನ್, ನಾರ್ಮಲ್ ಸಲೈನ್, ಲವಂಗದ ಎಣ್ಣೆ, ಡ್ರಿಪ್ ಹಾಕುವ ಪೈಪು, ದಪ್ಪ ಸ್ಪಂಜು, ಐಸ್ ತುಂಬಿದ ಡಬ್ಬ, ಒಣ ಹತ್ತಿಬಟ್ಟೆ, ಎರಡು ಅಗಲ ಟಬ್ಬು. ಉಪಕರಣಗಳನ್ನು ಕುಕ್ಕರಿನಲ್ಲಿ ಬೇಯಿಸಿ, ಪೂರಾ ಆರಿಸಿ ಇಟ್ಟುಕೊಳ್ಳಿ.

ಪಶುವೈದ್ಯರೊಬ್ಬರು ಪಕ್ಕದಲ್ಲಿರದೆ ಮೊದಲ ಆಪರೇಷನ್‌ಗೆ ಕೈ ಹಾಕಬೇಡಿ. ಹಸು ನೋಡುವ ಡಾಕ್ಟರಾದರೂ ಸರಿ, ಹೊಲಿಗೆಯ ಕೈ ಅವರದು ಪಳಗಿರುತ್ತದೆ, ಮೀನಿನ ಸ್ವಭಾವ ನಿಮಗೆ ಗೊತ್ತಿರುತ್ತದೆ.

ಹಂತ 1: ಸತ್ತ ಮೀನಿನ ಮೇಲೆ ಕಲಿಕೆ

ಜೀವಂತ ಮೀನು ಮುಟ್ಟುವ ಮೊದಲು ಕನಿಷ್ಠ ಐದು ಸತ್ತ ಗಂಡುಗಳನ್ನು ಕೊಯ್ದು ನೋಡಿ. ವೃಷಣ ಎಲ್ಲಿ, ಪಿತ್ತಕೋಶ ಎಲ್ಲಿ, ವೀರ್ಯಕೋಶ ಎಲ್ಲಿಂದ ಶುರು ಅನ್ನುವುದು ಬೆರಳಿಗೆ ಗೊತ್ತಾಗಬೇಕು. ಹೊಲಿಗೆಯನ್ನೂ ಅವುಗಳ ಮೇಲೇ ಹಾಕಿ ಕಲಿಯಿರಿ. ಈ ಹಂತ ಬಿಟ್ಟವರ ಮೀನು ಉಳಿದದ್ದನ್ನು ನಾನು ಕಂಡಿಲ್ಲ.

ಹಂತ 2: ಗಂಡನ್ನು ಆರಿಸುವುದು

ಗುದದ ಹಿಂದೆ ತೊಟ್ಟಿನಂಥ ಸಣ್ಣ ಭಾಗವೊಂದಿದೆ. ಹೆಣ್ಣಿನಲ್ಲಿ ಅದು ಅಂಗಿ ಗುಂಡಿಯಂತೆ ದುಂಡಗೆ, ಗಂಡಿನಲ್ಲಿ ಮೆಣಸಿನಕಾಯಿ ತುದಿಯಂತೆ ಉದ್ದಕ್ಕೆ ಚೂಪಗೆ. ಮಳೆಗಾಲದಲ್ಲಿ ಆ ತುದಿ ಕೆಂಪೇರಿರುವ, ಮೈಮೇಲೆ ಗಾಯ, ಬಿಳಿಮಚ್ಚೆ ಇಲ್ಲದ, ಒಂದು ವರ್ಷ ದಾಟಿದ ಗಂಡು ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಕಾಲ. ಬೇಸಿಗೆಯಲ್ಲಿ ಹೊಟ್ಟೆ ತೆರೆದರೆ ದಾರದಂಥ ವೃಷಣ ಸಿಗುತ್ತದೆ, ಅದರಿಂದ ಏನೂ ಆಗದು.

ಹಿಡಿಯುವಾಗ ಎದೆರೆಕ್ಕೆಯ ಮುಳ್ಳು ನೆನಪಿರಲಿ. ಒದ್ದೆ ಬಟ್ಟೆಯಲ್ಲಿ ತಲೆ ಸುತ್ತಿ ಹಿಡಿಯಿರಿ. ಚೇಳುಮೀನಿನಷ್ಟು ಉರಿಯದಿದ್ದರೂ ಚುಚ್ಚಿಸಿಕೊಂಡ ಕೈಯಲ್ಲಿ ಅವತ್ತು ಹೊಲಿಗೆ ಹಾಕಲಾಗದು.

ಹಂತ 3: ಉಪವಾಸ ಮತ್ತು ಸೂಜಿ

ಒಂದು ಹಗಲು ಒಂದು ರಾತ್ರಿ ಆಹಾರ ನಿಲ್ಲಿಸಿ. ಕರುಳು ತುಂಬಿದ್ದರೆ ಉಬ್ಬಿಕೊಂಡು ವೃಷಣ ಕಾಣಿಸುವುದಿಲ್ಲ, ಬ್ಲೇಡ್ ತಾಗಿದರೆ ಹೊಟ್ಟೆಯೊಳಗೆಲ್ಲ ಹೊಲಸು. ಹೆಣ್ಣಿಗೆ ಮೊಟ್ಟೆ ಬಿಡಿಸುವ ಹಾರ್ಮೋನ್ ಸೂಜಿ ಕೊಡುವಾಗಲೇ ಗಂಡಿಗೂ ಅದರ ಅರ್ಧ ಪ್ರಮಾಣ ಕೊಡಿ.

ಹೆಣ್ಣು ಸೂಜಿಯಾದ 16ರಿಂದ 18 ತಾಸಿಗೆ ಹೊಟ್ಟೆ ಒತ್ತಿ ಮೊಟ್ಟೆ ಹಿಂಡಲು ಸಿದ್ಧವಾಗುತ್ತದೆ. ಅದು ನೀರು 27–28 ಡಿಗ್ರಿ ಇದ್ದಾಗಿನ ಲೆಕ್ಕ. ಜಡಿಮಳೆ ಹಿಡಿದು ರಾತ್ರಿ ತಣ್ಣಗಾದರೆ ಇನ್ನೂ ತಡ. ಗಂಡಿನ ಆಪರೇಷನ್ನು ಹೆಣ್ಣನ್ನು ಹಿಂಡುವ ಒಂದು ತಾಸು ಮುಂಚೆ ಇಟ್ಟುಕೊಳ್ಳಿ.

ಹಂತ 4: ಮತ್ತು ಬರಿಸುವುದು

ಲವಂಗದ ಎಣ್ಣೆ ನೀರಲ್ಲಿ ಹಾಗೇ ಕರಗುವುದಿಲ್ಲ, ಮೇಲೆ ತೇಲುತ್ತದೆ. ಒಂದು ಪಾಲು ಎಣ್ಣೆಗೆ ಒಂಬತ್ತು ಪಾಲು ಎಥನಾಲ್ ಸೇರಿಸಿ ಮೂಲದ್ರಾವಣ ಮಾಡಿಕೊಳ್ಳಿ. ಲೀಟರ್ ನೀರಿಗೆ ಇದರ ಅರ್ಧ ಮಿಲಿಯಿಂದ ಶುರು ಮಾಡಿ. ಐದು ನಿಮಿಷವಾದರೂ ಮೀನು ಮಗ್ಗುಲಾಗದಿದ್ದರೆ ಸ್ವಲ್ಪಸ್ವಲ್ಪವೇ ಏರಿಸಿ, ಲೀಟರಿಗೆ ಒಂದು ಮಿಲಿ ದಾಟಬೇಡಿ. ಹೊಟ್ಟೆ ಮೇಲಾಗಿ ತಿರುಗಬೇಕು, ಬಾಲ ಚಿವುಟಿದರೆ ಅಲುಗಬಾರದು, ಆದರೆ ಕಿವಿರಿನ ಮುಚ್ಚಳ ನಿಧಾನಕ್ಕೆ ಆಡುತ್ತಿರಬೇಕು. ಮುಚ್ಚಳ ನಿಂತರೆ ಪ್ರಮಾಣ ಹೆಚ್ಚಾಯಿತೆಂದೇ ಅರ್ಥ, ತಕ್ಷಣ ತಿಳಿನೀರಿಗೆ ಹಾಕಿ.

ಬೋರ್‌ವೆಲ್ ನೀರನ್ನು ನೇರ ಬಳಸಬೇಡಿ. ಆಳದ ನೀರಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಹಿಂದಿನ ರಾತ್ರಿಯೇ ಎತ್ತರದಿಂದ ಸುರಿದು ಟಬ್ಬಿನಲ್ಲಿ ತೆರೆದಿಡಿ.

ಹಂತ 5: ಮಲಗಿಸುವುದು, ಸೀಳುವುದು

ಸ್ಪಂಜಿನ ನಡುವೆ ಇಂಗ್ಲಿಷಿನ V ಆಕಾರದ ತೋಡು ಕೊರೆದು, ಒದ್ದೆ ಮಾಡಿ, ಮೀನನ್ನು ಬೆನ್ನ ಮೇಲೆ ಮಲಗಿಸಿ. ತಲೆಯ ಕಡೆ ಒಂದು ಬೆರಳಷ್ಟು ತಗ್ಗಿರಲಿ. ಡ್ರಿಪ್ ಪೈಪಿನ ತುದಿ ಬಾಯಲ್ಲಿಟ್ಟು, ಮತ್ತಿನ ಮದ್ದು ಅರ್ಧಕ್ಕೆ ಇಳಿಸಿದ ನೀರನ್ನು ಹನಿಹನಿಯಾಗಿ ಕಿವಿರಿನ ಮೇಲೆ ಹರಿಸುತ್ತಿರಿ. ತಲೆ ತಗ್ಗಿದ್ದರೆ ಆ ನೀರು ಮುಂದಕ್ಕೆ ಹರಿದುಹೋಗುತ್ತದೆ, ಗಾಯದೊಳಗೆ ಬರುವುದಿಲ್ಲ. ಈ ಒಂದು ಬೆರಳಿನ ತಗ್ಗು ಮರೆತು ವೀರ್ಯವನ್ನೆಲ್ಲ ಹಾಳು ಮಾಡಿಕೊಂಡವರಿದ್ದಾರೆ.

ಹೊಟ್ಟೆಯ ಲೋಳೆಯನ್ನು ಕೆರೆಯಬೇಡಿ, ಅದು ಮೀನಿಗೆ ರಕ್ಷಣೆ. ಅಯೋಡಿನ್ ಅದ್ದಿದ ಹತ್ತಿಯಿಂದ ಸೀಳುವ ಜಾಗವನ್ನಷ್ಟೇ ಒಮ್ಮೆ ಒತ್ತಿ, ಸಲೈನಿನಿಂದ ಒರೆಸಿ, ಒಣಬಟ್ಟೆ ಒತ್ತಿ ತೇವ ತೆಗೆಯಿರಿ.

ಹೊಟ್ಟೆಯ ಜೋಡಿರೆಕ್ಕೆಗಳಿಗೆ ಸ್ವಲ್ಪ ಮುಂದೆ, ನಡುಗೆರೆಯಿಂದ ತುಸು ಪಕ್ಕಕ್ಕೆ, ಒಂದೂವರೆಯಿಂದ ಎರಡು ಸೆಂಟಿಮೀಟರ್ ಉದ್ದಕ್ಕೆ ಸೀಳಿ. ನಡುಗೆರೆಯ ಮೇಲೆಯೇ ಸೀಳಿದರೆ ಮೀನು ತಳಕ್ಕೆ ಹೊಟ್ಟೆ ಉಜ್ಜಿದಾಗ ಹೊಲಿಗೆಗೇ ಪೆಟ್ಟು. ಮೊದಲು ಚರ್ಮ, ಆಮೇಲೆ ಮಾಂಸ. ಒಳಪೊರೆ ಬಂದಾಗ ಬ್ಲೇಡ್ ಕೆಳಗಿಡಿ, ಚಿಮಟದಲ್ಲಿ ಪೊರೆಯನ್ನು ಮೇಲಕ್ಕೆಳೆದು ಕತ್ತರಿಯ ಮೊಂಡು ತುದಿಯಿಂದ ಬಿಡಿಸಿ. ಬ್ಲೇಡಿನಲ್ಲೇ ಒತ್ತಿದಿರೋ ಕರುಳು ಹೋಯಿತು.

ಹಂತ 6: ತುಂಡು ತೆಗೆಯುವುದು

ಕರುಳನ್ನು ಸಲೈನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ. ಹಸಿರು ಪಿತ್ತಕೋಶದ ಹತ್ತಿರ ಚಿಮಟ ಹೋಗಬಾರದು, ಪಿತ್ತ ಒಡೆದರೆ ಮೀನು ಉಳಿಯದು. ಆಳದಲ್ಲಿ, ಬೆನ್ನಿನ ಪಕ್ಕೆಗೆ ಅಂಟಿಕೊಂಡು ತಿಳಿ ಕೆನೆಬಣ್ಣದ, ಚಪ್ಪಟೆ, ಅಂಚು ಅಲೆಅಲೆಯಾದ ಪಟ್ಟಿ ಕಾಣುತ್ತದೆ. ಅದೇ ವೃಷಣ. ಮಾಗಿದ್ದರೆ ಅಂಚು ಹಾಲುಬಿಳಿ ಇರುತ್ತದೆ. ಗಾಜಿನಂತೆ ಪಾರದರ್ಶಕವಾಗಿದ್ದರೆ ಹೊಲಿದು ಬಿಟ್ಟುಬಿಡಿ, ಕತ್ತರಿಸಿ ಉಪಯೋಗವಿಲ್ಲ.

ಒಂದು ಪಕ್ಕದ್ದನ್ನು ಮಾತ್ರ ಮುಟ್ಟಬೇಕು. ಅದರ ಮುಂದಿನ ತುದಿಯಿಂದ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ. ಕತ್ತರಿಸುವ ಗೆರೆಯ ಹಿಂದೆ ಕ್ಲ್ಯಾಂಪ್ ಹಾಕಿ ಒಂದು ನಿಮಿಷ ಬಿಗಿಹಿಡಿದರೆ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ಅದೇ ಕರಗುವ ದಾರದಲ್ಲಿ ಒಂದು ಗಂಟು. ಹಿಂದಿನ ಬೆರಳುಬೆರಳಾದ ವೀರ್ಯಕೋಶಕ್ಕೂ ನಾಳಕ್ಕೂ ಕೈ ಹಚ್ಚಬೇಡಿ. ಮತ್ತೆ ಬೆಳೆಯುವುದು ಅಲ್ಲಿ ಉಳಿದ ಬುಡದಿಂದ.

'ಹೇಗೂ ತೆರೆದಿದ್ದೀವಿ, ಎರಡೂ ಕಡೆಯದು ಸ್ವಲ್ಪ ಸ್ವಲ್ಪ ತಗೊಳ್ಳೋಣ' ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಇನ್ನೊಂದು ಪಕ್ಕ ಮುಂದಿನ ವರ್ಷದ್ದು.

ತೆಗೆದ ತುಂಡನ್ನು ಒಣ ಟಿಶ್ಯೂ ಮೇಲೆ ಹೊರಳಿಸಿ ರಕ್ತ ಹೀರಿಸಿ, ಸಲೈನ್ ಇರುವ ಸಣ್ಣ ಶೀಶೆಗೆ ಹಾಕಿ ಐಸ್ ಡಬ್ಬದಲ್ಲಿಡಿ. ಐಸ್ ಕರಗಿದ ನೀರು ಶೀಶೆಯೊಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ. ಜಜ್ಜುವುದು ಈಗಲ್ಲ, ಮೊಟ್ಟೆ ಕೈಗೆ ಬಂದಮೇಲೆ.

ಹಂತ 7: ಹೊಲಿಗೆ

ಇಷ್ಟು ಸಣ್ಣ ಮೀನಿಗೆ ಮಾಂಸ, ಚರ್ಮ ಬೇರೆ ಬೇರೆ ಹೊಲಿಯುವ ಗೋಜು ಬೇಡ, ಎರಡನ್ನೂ ಸೇರಿಸಿಯೇ ಹಾಕಿ. ಗೋಣಿಚೀಲ ಹೊಲಿದಂತೆ ಒಂದೇ ದಾರದಲ್ಲಿ ಓಡಿಸಿದರೆ ಒಂದು ಕಡೆ ಬಿಟ್ಟುಕೊಂಡಾಗ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಐದಾರು ಮಿಲಿಮೀಟರಿಗೊಂದರಂತೆ ಬಿಡಿಬಿಡಿ ಗಂಟು ಹಾಕಿ. ಎರಡು ಸೆಂಟಿಮೀಟರಿಗೆ ಮೂರು ನಾಲ್ಕು ಸಾಕು. ಅಂಚುಗಳು ಒಂದಕ್ಕೊಂದು ತಾಗಬೇಕು, ಚರ್ಮ ಬೆಳ್ಳಗಾಗುವಷ್ಟು ಬಿಗಿದರೆ ಅಲ್ಲಿಗೆ ರಕ್ತ ಹೋಗದೆ ಕೊಳೆಯುತ್ತದೆ. ಮೇಲೆ ಅಯೋಡಿನ್ ಒಂದು ಹನಿ.

ಸೀಳಿದಲ್ಲಿಂದ ಕೊನೆ ಗಂಟಿನವರೆಗೆ ಏಳೆಂಟು ನಿಮಿಷದಲ್ಲಿ ಮುಗಿಯಬೇಕು. ಹದಿನೈದು ನಿಮಿಷ ಹಿಡಿಯುತ್ತಿದ್ದರೆ ನೀವಿನ್ನೂ ಹಂತ 1ರಲ್ಲೇ ಇದ್ದೀರಿ.

ಹಂತ 8: ಎಚ್ಚರಗೊಳಿಸುವುದು

ನನ್ನ ಮೊದಲ ಗಂಡು ಸತ್ತದ್ದು ಇಲ್ಲಿ. ಆಪರೇಷನ್ ಸರಿಯಾಗಿತ್ತು, ಹೊಲಿಗೆ ಚೆಂದಿತ್ತು. ತುಂಬಿದ ಬಕೆಟ್ಟಿಗೆ ಬಿಟ್ಟು ಟೀ ಕುಡಿಯಲು ಹೋದೆ. ಬಂದು ನೋಡಿದರೆ ತಳದಲ್ಲಿ ಮಲಗಿದೆ, ಮುಚ್ಚಳ ಆಡುತ್ತಿಲ್ಲ. ಮೀನು ನೀರಲ್ಲಿ ಮುಳುಗಿ ಸತ್ತಿತ್ತು!

ಮಾಗೂರು ಕಿವಿರೊಂದನ್ನೇ ನಂಬಿದ ಮೀನಲ್ಲ. ಕಿವಿರಿನ ಮೇಲುಗಡೆ ಸಣ್ಣ ಪೊದೆಯಂಥ ಅಂಗವಿದೆ, ಅದಕ್ಕೆ ಆಗಾಗ ಮೇಲೆ ಬಂದು ಗಾಳಿ ನುಂಗಬೇಕು. ಮತ್ತಿನಲ್ಲಿರುವ ಮೀನಿಗೆ ಒಂದಡಿ ಮೇಲೇರುವ ಶಕ್ತಿ ಎಲ್ಲಿಂದ ಬರಬೇಕು? ಆದ್ದರಿಂದ ಎಚ್ಚರಗೊಳಿಸುವ ಟಬ್ಬು ಅಗಲವಿರಲಿ, ನೀರು ಬೆನ್ನು ಮುಳುಗುವಷ್ಟೇ ಇರಲಿ, ಪಕ್ಕದಲ್ಲಿ ಏರೇಟರ್ ಆಡುತ್ತಿರಲಿ. ಕೈಯಲ್ಲಿ ನೆಟ್ಟಗೆ ಹಿಡಿದು, ಬಾಯೊಳಗೆ ತಿಳಿನೀರು ಹೋಗುವಂತೆ ಮೆಲ್ಲಗೆ ಮುಂದಕ್ಕೆ ನಡೆಸಿ. ತಾನಾಗಿ ಮೂತಿ ಎತ್ತಿ ಒಂದು ಗುಟುಕು ಗಾಳಿ ನುಂಗುವವರೆಗೆ ಕೈ ಬಿಡಬೇಡಿ.

ಹಂತ 9: ಮೂರು ವಾರದ ಆರೈಕೆ

ಮಣ್ಣಿನ ಹೊಂಡಕ್ಕೆ ಬಿಡಬೇಡಿ. ಸಿಮೆಂಟ್ ರಿಂಗ್‌ ತೊಟ್ಟಿಯಾಗಲಿ ಪ್ಲಾಸ್ಟಿಕ್ ಟ್ಯಾಂಕಾಗಲಿ, ಒಳಮೈ ನುಣುಪಾಗಿರಬೇಕು, ನೀರು ಒಂದಡಿ ಒಳಗೆ. ಒಂದು ತೊಟ್ಟಿಗೆ ಒಂದೇ ಗಂಡು. ಎರಡಿದ್ದರೆ ಕಚ್ಚಾಡಿ ಹೊಲಿಗೆ ಕೀಳುತ್ತವೆ. ಮೇಲೆ ಬಲೆ ಬಿಗಿದಿರಲಿ. ಮಳೆ ಸದ್ದು ಕೇಳಿದರೆ ಮಾಗೂರು ತೊಟ್ಟಿ ದಾಟಿ ಅಂಗಳದಲ್ಲಿ ತೆವಳುತ್ತಿರುತ್ತದೆ, ಹೊಲಿಗೆ ಇದ್ದರೂ ಅಷ್ಟೆ.

ಲೀಟರಿಗೆ ಒಂದೆರಡು ಗ್ರಾಂ ಕಲ್ಲುಪ್ಪು ಹಾಕಿ. ದಿನಕ್ಕೆ ಕಾಲುಭಾಗ ನೀರು ಬದಲಿಸಿ. ಎರಡು ದಿನ ಆಹಾರ ಬೇಡ, ಮೂರನೇ ದಿನದಿಂದ ಸ್ವಲ್ಪಸ್ವಲ್ಪ. ಗಾಯದ ಅಂಚು ತುಸು ಕೆಂಪಾಗುವುದು ಸಹಜ. ಹತ್ತಿಯಂಥ ಬೂಷ್ಟು ಬಂದರೆ, ಕೆಂಪು ದಿನದಿನಕ್ಕೆ ಹರಡಿದರೆ, ಮೀನು ಮೂಲೆಗೆ ತಲೆ ಕೊಟ್ಟು ನಿಂತರೆ ಡಾಕ್ಟರಿಗೆ ತೋರಿಸಿ. ಅಂಗಡಿಯವರು ಕೊಟ್ಟ ಆಂಟಿಬಯೋಟಿಕ್ ಪುಡಿಯನ್ನು ನೀರಿಗೆ ಸುರಿಯಬೇಡಿ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಗುಂಪಿನ ಔಷಧಗಳು ಮೀನು ಸಾಕಣೆಯಲ್ಲಿ ನಿಷಿದ್ಧ. ಮತ್ತಿನ ಮದ್ದು, ಔಷಧ ಕೊಟ್ಟ ಮೀನನ್ನು ಸಂತೆಗೆ ಕಳಿಸಬೇಡಿ, ಸತ್ತರೆ ಹೂಳಿ.

ಎರಡು ಮೂರು ವಾರಕ್ಕೆ ಗಾಯ ಕೂಡಿಕೊಳ್ಳುತ್ತದೆ. ಕರಗದ ದಾರ ಬಳಸಿದ್ದರೆ ಆಗ ಬಿಡಿಸಿ.

ವೀರ್ಯ ಬೆರೆಸುವಾಗ

150 ಗ್ರಾಮಿನ ಹೆಣ್ಣು ಸುಮಾರು 5ರಿಂದ 7 ಸಾವಿರ ಮೊಟ್ಟೆ ಕೊಡುತ್ತದೆ. ಹೆಣ್ಣಿನ ಮೈ ಒರೆಸಿ, ಒಣ ಪ್ಲಾಸ್ಟಿಕ್ ಬಟ್ಟಲಿಗೆ ಹಿಂಡಿ. ವೃಷಣದ ತುಂಡನ್ನು ಕತ್ತರಿಯಿಂದ ಸಣ್ಣಗೆ ಹೆಚ್ಚಿ, ಕೆಲವು ಮಿಲಿ ಸಲೈನಿನಲ್ಲಿ ಜಜ್ಜಿ, ತೆಳು ಬಟ್ಟೆಯಲ್ಲಿ ಸೋಸಿ ಮೊಟ್ಟೆಗೆ ಸುರಿದು ಕೋಳಿಪುಕ್ಕದಿಂದ ಕಲಸಿ. ಆಮೇಲಷ್ಟೇ ತಿಳಿನೀರು. ನೀರು ಬಿದ್ದ ಒಂದು ನಿಮಿಷದೊಳಗೆ ಎಲ್ಲ ಮುಗಿದಿರುತ್ತದೆ, ಹಾಗಾಗಿ ನೀರಿನ ಚೊಂಬನ್ನು ಬಟ್ಟಲಿನಿಂದ ದೂರವೇ ಇಟ್ಟಿರಿ.

ಮತ್ತೆ ಯಾವಾಗ?

ವರ್ಷವಿಡೀ ಮರಿ ಮಾಡುವ ಹೊರದೇಶದ ಆಫ್ರಿಕನ್ ಕ್ಯಾಟ್‌ಫಿಶ್ ಹ್ಯಾಚರಿಗಳಲ್ಲಿ ಕೆಲವು ತಿಂಗಳ ಬಿಡುವು ಕೊಟ್ಟು ಅದೇ ಗಂಡನ್ನು ಮತ್ತೆ ಬಳಸುತ್ತಾರೆ. ನಮ್ಮ ಮಾಗೂರು ಮಳೆಯನ್ನೇ ನಂಬಿದ ಮೀನು, ವೃಷಣ ಮಾಗುವುದೂ ವರ್ಷಕ್ಕೊಮ್ಮೆ. ಆದ್ದರಿಂದ ಈ ಆರಿದ್ರಾದಲ್ಲಿ ಕೈ ಹಾಕಿದ ಗಂಡಿಗೆ ಮುಂದಿನ ಮೃಗಶಿರಾವರೆಗೆ ಬಿಡುವು.

ಅಷ್ಟರಲ್ಲಿ ಯಾವ ಗಂಡಿಗೆ ಯಾವ ಪಕ್ಕ ಅನ್ನುವುದು ಖಂಡಿತ ಮರೆತುಹೋಗುತ್ತದೆ. ಬಾಲದ ಅಂಚು ಕತ್ತರಿಸಿ ಮಾಡಿದ ಗುರುತು ವರ್ಷದೊಳಗೆ ಬೆಳೆದು ಮುಚ್ಚಿಕೊಳ್ಳುತ್ತದೆ, ಅದನ್ನು ನೆಚ್ಚಬೇಡಿ. ತೊಟ್ಟಿಗೆ ನಂಬರ್ ಬರೆದು, ನೋಟ್‌ಬುಕ್ಕಿನಲ್ಲಿ ತಾರೀಕು, ತೂಕ, 'ಎಡ' ಅಥವಾ 'ಬಲ', ಎಷ್ಟು ಹೆಣ್ಣಿಗೆ ಬಳಸಿದಿರಿ, ಎಷ್ಟು ಮೊಟ್ಟೆ ಒಡೆಯಿತು ಎಂದು ಬರೆದಿಡಿ. ಇಂಕ್ ಪೆನ್ ಬೇಡ, ತೊಟ್ಟಿಯ ಪಕ್ಕದ ತೇವಕ್ಕೆ ಅಳಿಸಿಹೋಗುತ್ತದೆ, ಪೆನ್ಸಿಲಿನಲ್ಲೇ ಬರೆಯಿರಿ.